ಬೆಳೆಯಲು ಬಿಟ್ಟ ಬಟ್ಟೆ

ಮಾರ್ಚ್ 4

ಬೀಗರಿಗೆ ನಮಸ್ಕಾರಗಳು.

ಈಗಲೂ ನಿಮ್ಮನ್ನು ಬೀಗರೇ ಎನ್ನಬಹುದೋ ಇಲ್ಲವೋ ಎಂದು ವಕೀಲರನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರು. ನನ್ನ ಮಗ, ನಿಮ್ಮ ಮಗಳು ಗಂಡ ಹೆಂಡತಿಯಾಗಿ ಉಳಿಯದಿದ್ದರೆ ಅದು ಅವರ ಪಾಡು. ನಾನು ನಮ್ಮ ಮೊಮ್ಮಗಳು ಗುಂಡಿಗೆ ಅಜ್ಜಿ, ನೀವು ತಾತ. ಅದನ್ನು ಯಾವ ಕೋರ್ಟೂ ಇನ್ನೂ ರದ್ದು ಮಾಡಿಲ್ಲ.

ಇಲ್ಲಿಯ ಕೋರ್ಟಿನ ಆದೇಶ ನಿಮಗೆ ತಲುಪಿರುತ್ತದೆ. ಮಗುವನ್ನು ಕೂಡಲೇ ಹುಟ್ಟಿದ ದೇಶಕ್ಕೆ ವಾಪಸು ಕರೆತರಬೇಕು, ತಪ್ಪಿದರೆ ತಾಯಿಯನ್ನು ಬಂಧಿಸಬಹುದು ಎಂದಿದೆ. ಮಗ ಆ ಕಾಗದ ತಂದು ತೋರಿಸಿದಾಗ ನನಗೆ ಖುಷಿಯಾಯಿತು ಎಂದು ಬರೆದರೆ ನಿಮಗೆ ನೋವು. ಆಗಲಿಲ್ಲ ಎಂದು ಬರೆದರೆ ಸುಳ್ಳು. ಬೇಸಿಗೆ ರಜೆಗೆಂದು ಅಮ್ಮನ ಕೈ ಹಿಡಿದು ಹೊರಟ ಕೂಸು, ಬಾಗಿಲಲ್ಲಿ ತಿರುಗಿ ನಿಂತು "ಅಜ್ಜಿ, ನನ್ನ ಕತ್ತರಿ ಯಾರಿಗೂ ಕೊಡ್ಬೇಡ" ಎಂದಿತ್ತು. ಆ ಮೊಂಡು ಕತ್ತರಿ ಇನ್ನೂ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ತೂಗುತ್ತಿದೆ.

ಹೊಲಿಗೆ ಅಂಗಡಿ ಹಾಗೇ ಇದೆ. ನೀವು ಕಾಲು ಕಟ್ಟಿಕೊಟ್ಟ ಕತ್ತರಿಸುವ ಮೇಜು ಈಗ ಅಲ್ಲಾಡುವುದಿಲ್ಲ. ಆ ಚಳಿಗಾಲ ನೀವು ಮಗಳ ಮನೆಗೆ ಬಂದು, ಮನೆಯಲ್ಲಿ ಕೂರಲಾರದೆ ದಿನವೂ ನನ್ನ ಅಂಗಡಿಗೆ ಬಂದು ಬಿಡುತ್ತಿದ್ದಿರಲ್ಲ, ಅದು ನನಗೆ ನಿನ್ನೆ ಮೊನ್ನೆಯ ಹಾಗಿದೆ. ಗುಂಡಿಗೆ ಆಗ ಎರಡು ವರ್ಷ. ಮೇಜಿನ ಕೆಳಗೆ, ಚೂರು ಬಟ್ಟೆಯ ರಾಶಿಯ ಮೇಲೆ ಮಲಗಿರುತ್ತಿದ್ದಳು. ಮೇಲೆ ನಾವಿಬ್ಬರೂ ಕಾಲು ಕೆರೆದು ಜಗಳವಾಡುತ್ತಿದ್ದೆವು. "ಅಳತೆ ಅಂದ್ರೆ ಅಳತೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ" ಎಂದು ನೀವು. "ನೀವು ಮಾಡೋ ಬೀರು ಉಸಿರಾಡಲ್ಲ ಬೀಗರೇ, ನನ್ನ ಬಟ್ಟೆ ಒಳಗಿರೋರು ಉಸಿರಾಡ್ತಾರೆ" ಎಂದು ನಾನು. ಅಂಥ ಜಗಳ ಈಗ ಯಾರ ಹತ್ತಿರ ಆಡಲಿ?

ವಿಷಯಕ್ಕೆ ಬರುತ್ತೇನೆ. ಮೇ ತಿಂಗಳಲ್ಲಿ ಅವಳಿಗೆ ಏಳು ತುಂಬುತ್ತದೆ. ಒಂದು ಫ್ರಾಕ್ ಹೊಲಿಯಬೇಕು. ಭಾನುವಾರದ ವಿಡಿಯೋ ಕರೆಯಲ್ಲಿ ಮುಖ ಮಾತ್ರ ಕಾಣುತ್ತದೆ, ಮುಖಕ್ಕೆ ಫ್ರಾಕ್ ಹೊಲಿಯಲು ನನಗೆ ಬರುವುದಿಲ್ಲ. ಅವಳ ಅಳತೆ ಕಳಿಸಿ. ಆ ಕಡೆಯ ದೊಡ್ಡವರೊಡನೆ ಫೋನಿನಲ್ಲಿ ಮಾತು ಬೇಡ ಎಂದು ನಮ್ಮ ವಕೀಲರ ಅಪ್ಪಣೆ. ಈ ಕಾಲದಲ್ಲೂ ಕಾಗದ ಬರೆಯುವವರು ಇರುತ್ತಾರೆಂದು ಆ ಹುಡುಗನಿಗೆ ಹೊಳೆದಿಲ್ಲ, ಅದಕ್ಕೇ ಅದನ್ನು ಬೇಡ ಎಂದಿಲ್ಲ.

ನಿಮ್ಮ ಬೀಗತಿ

•

ಮಾರ್ಚ್ 19

ಬೀಗತಿಯವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ಮಗಳಿಗೆ ತೋರಿಸಿಲ್ಲ. ಮರ ಕೊಯ್ಯುವ ಮೇಜಿನ ಕೆಳಗೆ ಇಟ್ಟುಕೊಂಡು, ಕೆಲಸದ ನಡುವೆ ತೆಗೆದು ತೆಗೆದು ಓದಿದೆ. ಮಗಳ ತಪ್ಪು ಒಪ್ಪು ನಾನು ಬರೆಯುವುದಿಲ್ಲ. ಬಂದ ದಿನ ಅವಳ ಮುಖ ನೋಡಿದವನು ನಾನು. ನಿಮ್ಮ ಮಗ ಕೈ ಎತ್ತಿದವನಲ್ಲ, ನನಗೆ ಗೊತ್ತು. ಆದರೆ ಪರದೇಶದಲ್ಲಿ ಮಾತಾಡದ ಗಂಡನ ಜೊತೆ ಒಬ್ಬಳೇ ಇರುವುದೂ ಒಂದು ಕಷ್ಟವೇ. ಈಗ ಮಗುವನ್ನು ಬಿಟ್ಟು ಅವಳಿರಲಾರಳು, ಅಲ್ಲಿಗೆ ಹೋದರೆ ಪೊಲೀಸರು ಹಿಡಿಯುತ್ತಾರೆ ಎನ್ನುತ್ತಾರೆ. ಇಲ್ಲಿಯ ಕೋರ್ಟಿನಲ್ಲಿ ಅರ್ಜಿ ಹಾಕಿದ್ದೇವೆ. ಜಡ್ಜಮ್ಮ ಮೊದಲ ದಿನವೇ ಹೇಳಿದರು: "ಆ ಕೋರ್ಟಿನ ಆದೇಶಕ್ಕೆ ಗೌರವ ಕೊಡ್ತೀನಿ. ಆದ್ರೆ ನನ್ನ ಮುಂದೆ ಇರೋದು ಮಗು. ಮಗುವಿನ ಹಿತ ಯಾವ ಕಡೆ ಇದೆ ಅನ್ನೋದನ್ನ ನೋಡ್ದೆ ಯಾವ ವಿಮಾನಾನೂ ಹತ್ತಿಸಲ್ಲ."

ಇನ್ನು ಅಳತೆ. ಮಗುವಿನ ಎತ್ತರ, ತೂಕ, ಶಾಲೆ, ಆರೋಗ್ಯ, ಯಾವುದನ್ನೂ ಆ ಕಡೆಗೆ ಬರೆದು ಕೊಡಬಾರದು ಎಂದು ನಮ್ಮ ವಕೀಲರೂ ಬಾಯಿಗೆ ಬೀಗ ಹಾಕಿದ್ದಾರೆ. ದಾರ ಕಳಿಸಬಾರದು ಎಂದಿಲ್ಲ. ಹಲಗೆಗೆ ಗೆರೆ ಹೊಡೆಯುವ ನನ್ನ ಕೆಂಪು ದಾರದಲ್ಲೇ ಅಳೆದು ಮೂರು ತುಂಡು ಕಳಿಸಿದ್ದೇನೆ. ಒಂದು ಗಂಟಿನದು ಎದೆ, ಎರಡು ಗಂಟಿನದು ಸೊಂಟ, ಮೂರು ಗಂಟಿನದು ಭುಜದಿಂದ ಮೊಣಕಾಲು. ನನ್ನ ಅಳತೆ ಹೇಗಿರುತ್ತದೆಂದು ನಿಮಗೆ ಗೊತ್ತು, ಕೂದಲೆಳೆಯಷ್ಟೂ ಆಚೆ ಈಚೆ ಇರುವುದಿಲ್ಲ.

ಗುಂಡಿ ಚೆನ್ನಾಗಿದ್ದಾಳೆ. ಶಾಲೆ ಬಿಟ್ಟೊಡನೆ ನನ್ನ ಕಾರ್ಖಾನೆಗೆ ಬರುತ್ತಾಳೆ. ನಿಮ್ಮ ಅಂಗಡಿಯಲ್ಲಿ ಅವಳಿಗೊಂದು ಪುಟ್ಟ ಮಣೆಕುರ್ಚಿ ಮಾಡಿಕೊಟ್ಟಿದ್ದೆನಲ್ಲ, ಅಂಥದ್ದೇ ಇನ್ನೊಂದನ್ನು ಬಂದ ವಾರವೇ ಇಲ್ಲೂ ಮಾಡಿದೆ. ಈಗ ಅದರಲ್ಲಿ ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತದೆ. "ದೊಡ್ಡ ಕುರ್ಚಿ ಮಾಡ್ಕೊಡ್ತೀನಿ ಬಾರೇ" ಎಂದರೆ "ಬೇಡ ತಾತ, ಇದೇ ಸರಿಯಾಗಿದೆ" ಎಂದು ಮುದುರಿಕೊಂಡು ಕೂರುತ್ತಾಳೆ. ನಿಮ್ಮ ಅಂಗಡಿ ಅವಳ ತಲೆಯಿಂದ ಹೋಗಿಲ್ಲ. ಆ ಮಣೆ, ಆ ಮೇಜಿನಡಿಯ ನೆರಳು, ಇಸ್ತ್ರಿಯ ಹಬೆ, ಅದನ್ನೇ ಹುಡುಕುತ್ತಿದ್ದಾಳೆ ಎಂದುಕೊಂಡೆ. ನಾನೂ ಒಮ್ಮೊಮ್ಮೆ ಹುಡುಕುತ್ತೇನೆ.

ನಿಮ್ಮ ಬೀಗ

•

ಏಪ್ರಿಲ್ 8

ಬೀಗರಿಗೆ,

ದಾರ ತಲುಪಿತು. ಗುಂಡಿ ಇಲ್ಲಿಂದ ಹೊರಡುವ ಮುಂಚೆ ಹೊಲಿದ ಫ್ರಾಕಿನ ಕಾಗದದ ನಮೂನೆ ನನ್ನಲ್ಲಿದೆ. ಅದರ ಮೇಲೆ ದಾರ ಇಟ್ಟು ನೋಡಿದೆ. ಮತ್ತೆ ನೋಡಿದೆ.

ಅವಳು ಹೊಟ್ಟೆ ತುಂಬ ತಿನ್ನುತ್ತಾಳಾ? ಹಾಲು ಕುಡಿಯುತ್ತಾಳಾ? ನಿದ್ದೆ ಸರಿಯಾಗಿ ಮಾಡುತ್ತಾಳಾ? ಸುಮ್ಮನೆ ಕೇಳುತ್ತಿದ್ದೇನೆ. ನಿಮ್ಮ ಮಗಳು ಕೆಲಸಕ್ಕೆ ಹೋಗುತ್ತಾಳಂತೆ, ಮಧ್ಯಾಹ್ನ ಊಟಕ್ಕೆ ಕೂರಿಸುವವರು ಯಾರು?

ಇಲ್ಲಿ ಅಂಥದ್ದೇನೂ ಇಲ್ಲ. ಮಳೆ. ಕೋಟುಗಳ ಒಳಬಟ್ಟೆ ಬದಲಿಸುವ ಕೆಲಸ ಮುಗಿದು, ಮದುವೆಯ ಉಡುಪುಗಳು ಬರತೊಡಗಿವೆ. ಮದುವೆ ಬಟ್ಟೆಯ ಒಳಗೂ ನಾಲ್ಕು ಬೆರಳು ಹೆಚ್ಚು ಬಟ್ಟೆ ಬಿಟ್ಟೇ ಹೊಲಿಯುತ್ತೇನೆ. ಮುಂದೆ ಏನಾಗುತ್ತದೆಂದು ಯಾರಿಗೆ ಗೊತ್ತು.

ಗುಂಡಿಯ ಅಜ್ಜಿ

•

ಏಪ್ರಿಲ್ 25

ಬೀಗತಿಯವರಿಗೆ ನಮಸ್ಕಾರ.

ನಿಮ್ಮ ಕಾಗದ ಯಾಕೋ ಚುಟುಕಾಗಿತ್ತು. ಮದುವೆ ಉಡುಪಿನ ಗಡಿಬಿಡಿ ಇರಬೇಕು.

ಮಧ್ಯಾಹ್ನದ ಊಟಕ್ಕೆ ಕೂರಿಸುವವನು ನಾನೇ. ಏನು ಹಾಕಿದರೂ ಅರ್ಧ ಬಿಟ್ಟು ಏಳುತ್ತಾಳೆ. ಮೊಟ್ಟೆಯ ಬಿಳಿ ತಿಂದು ಹಳದಿ ಬಿಡುತ್ತಾಳೆ, ಹಾಲಿನ ಲೋಟವನ್ನು ಕಿಟಕಿಯ ಬೆಕ್ಕಿಗೆ ದಾನ ಮಾಡುತ್ತಾಳೆ. ಈ ಸೆಕೆಯಲ್ಲಿ ನನಗೂ ಊಟ ಸೇರುವುದಿಲ್ಲ. ನೀವು ತಲೆ ಕೆಡಿಸಿಕೊಳ್ಳಬೇಡಿ.

ನಿನ್ನೆ ಹಲಗೆ ಉಜ್ಜಿದ ಮರದ ಸುರುಳಿಗಳನ್ನು ಕಿವಿಗೆ ಸಿಕ್ಕಿಸಿಕೊಂಡು ಕನ್ನಡಿ ಮುಂದೆ ನಿಂತಿದ್ದಳು. ನಿಮ್ಮ ಅಂಗಡಿಯಲ್ಲಿ ಅಳತೆಯ ಟೇಪನ್ನು ಹಾರದ ಹಾಗೆ ಹಾಕಿಕೊಂಡು ಗಿರಾಕಿಗಳ ಬೆನ್ನು ಅಳೆಯಲು ಹೋಗುತ್ತಿದ್ದಳಲ್ಲ, ನೆನಪಾಯಿತು. ಆ ದಪ್ಪ ಮೀಸೆಯ ಗಿರಾಕಿ ಪಾಪ, ಮೊಣಕಾಲೂರಿ ಕೂತು ಅವಳಿಂದ ಅಳತೆ ತೆಗೆಸಿಕೊಂಡಿದ್ದ. ಎಷ್ಟು ನಕ್ಕಿದ್ದೆವು ಆ ದಿನ. ನಿಮ್ಮ ಕಣ್ಣಲ್ಲಿ ನೀರು ಬಂದು ಸೂಜಿಗೆ ದಾರ ಪೋಣಿಸಲಾಗದೆ, ಆ ಕೆಲಸ ನನಗೆ ಕೊಟ್ಟಿರಿ.

ನಿಮ್ಮ ಬೀಗ

•

ಮೇ 17

ಮಾನ್ಯರೇ,

ನಿಮ್ಮ ಮಗನ ಪರವಾಗಿ ಇಲ್ಲಿಯ ಕೋರ್ಟಿಗೆ ಬಂದಿರುವ ಪ್ರಮಾಣಪತ್ರದಲ್ಲಿ ಹೀಗೆ ಬರೆದಿದೆ: ಮಗು ತಾಯಿಯ ಬಳಿ ಸೊರಗಿದೆ, ದೇಶ ಬಿಟ್ಟ ಮೇಲೆ ಬೆಳವಣಿಗೆಯೇ ನಿಂತಿದೆ, ಇದನ್ನು ಅನುಭವಿ ದರ್ಜಿಯಾದ ಅಜ್ಜಿ ಅಳತೆಯಿಂದಲೇ ಕಂಡುಕೊಂಡಿದ್ದಾರೆ.

ನಾನು ಕಳಿಸಿದ್ದು ಹುಟ್ಟುಹಬ್ಬದ ಫ್ರಾಕಿಗೆ ದಾರ. ಅದನ್ನು ನೀವು ನನ್ನ ಮಗಳ ಕೊರಳಿಗೆ ಸುತ್ತಿದಿರಿ.

ಜಡ್ಜಮ್ಮ ಮಗುವನ್ನು ಡಾಕ್ಟರಿಗೆ ತೋರಿಸಲು ಆದೇಶ ಮಾಡಿದರು. ಅವಳ ಹುಟ್ಟುಹಬ್ಬದ ವಾರದಲ್ಲೇ. ಗೊತ್ತಿಲ್ಲದವರ ಮುಂದೆ ಅಂಗಿ ಬಿಚ್ಚಿಸಿ ತೂಕ ಹಾಕಿಸಿದ್ದಾಯಿತು, ಎತ್ತರ ಅಳೆದಿದ್ದಾಯಿತು. ಡಾಕ್ಟರು "ತೂಕ ಒಂಚೂರು ಕಮ್ಮಿ, ಆದ್ರೆ ಚೆನ್ನಾಗೇ ಬೆಳೀತಿದ್ದಾಳೆ" ಎಂದರು. ಅಷ್ಟು ಹೊತ್ತು ಗೊಂಬೆಯ ಹಾಗೆ ನಿಂತಿದ್ದ ಮಗು ಆಗ ಹೋ ಎಂದು ಅಳತೊಡಗಿತು. ಸೂಜಿ ಚುಚ್ಚುತ್ತಾರೆಂದು ಹೆದರಿರಬೇಕು. ಮನೆಯವರೆಗೂ ಬಿಕ್ಕಳಿಸುತ್ತಲೇ ಬಂದಳು.

ಫ್ರಾಕಿನ ಪೊಟ್ಟಣ ಬಂದಿದೆ. ಬಿಚ್ಚಿಲ್ಲ. ಆ ಚಳಿಗಾಲ ನಿಮ್ಮ ಅಂಗಡಿಯಲ್ಲಿ ಕೂತು ಒಂದೇ ಫ್ಲಾಸ್ಕಿನಿಂದ ಕಾಫಿ ಕುಡಿದವರು ಬೇರೆ ಯಾರೋ ಎಂದುಕೊಳ್ಳುತ್ತೇನೆ. ಇನ್ನು ನನಗೆ ಬರೆಯಬೇಡಿ.

ಮಗುವಿನ ತಾಯಿಯ ತಂದೆ

•

ಜೂನ್ 2

ಬೀಗರೇ,

ಬರೆಯಬೇಡಿ ಎಂದಿದ್ದೀರಿ. ಬರೆಯುತ್ತಿದ್ದೇನೆ. ಹರಿದು ಹಾಕುವುದಾದರೆ ಓದಿ ಹರಿಯಿರಿ.

ಆ ದಾರವನ್ನು ನಾನು ವಕೀಲರಿಗೆ ಕೊಡಲಿಲ್ಲ. ರಾತ್ರಿ ಊಟಕ್ಕೆ ಮಗ ಬಂದಾಗ ಅದು ಮೇಜಿನ ಮೇಲೇ ಇತ್ತು. ಎದೆಯ ಅಳತೆ ಕಳೆದ ವರ್ಷದ್ದೇ, ಸೊಂಟ ಅದಕ್ಕಿಂತ ಕಡಿಮೆ. ಅವನ ಎದುರೇ ಅತ್ತೆ. ಯಾಕಮ್ಮ ಎಂದ, ಹೇಳಿದೆ. ಅವನು ಎದ್ದು ಫೋನು ತೆಗೆದುಕೊಂಡು ಹೊರಗೆ ಹೋದ. ಆಗಲೇ ತಡೆಯಬೇಕಿತ್ತು. ತಡೆಯಲಿಲ್ಲ, ಯಾಕೆಂದರೆ ಆ ಗಳಿಗೆಯಲ್ಲಿ ನನಗೂ ಮಗು ವಾಪಸು ಬಂದರೆ ಸಾಕಾಗಿತ್ತು.

ಆದರೆ ಒಂದು ಮಾತು ನೀವೂ ಹೇಳಬೇಕು. ನಾನು ಬಾಯಿಬಿಟ್ಟು ಕೇಳಿದ್ದೆ, ತಿನ್ನುತ್ತಾಳಾ ಎಂದು. ನೀವು ಸೆಕೆ ಎಂದಿರಿ. ಬೆಕ್ಕಿನ ಕಥೆ ಹೇಳಿ ನಗಿಸಲು ನೋಡಿದಿರಿ. ಅವಳು ನಿಮ್ಮ ಕಣ್ಣ ಮುಂದಿದ್ದಾಳೆ ಬೀಗರೇ. ನನ್ನ ಬಳಿ ಇದ್ದದ್ದು ಮೂರು ತುಂಡು ದಾರ. ಅದನ್ನು ನಂಬದೆ ನಾನು ಇನ್ನೇನನ್ನು ನಂಬಲಿ?

ಫ್ರಾಕ್ ಬಿಚ್ಚಿ ಅವಳಿಗೆ ಹಾಕಿಸಿ. ನನಗಾಗಿ ಅಲ್ಲ. ಅವಳ ಹುಟ್ಟುಹಬ್ಬದ್ದು ಅದು.

ಗುಂಡಿಯ ಅಜ್ಜಿ

•

ಜೂನ್ 20

ಬೀಗತಿಯವರಿಗೆ,

ಹರಿಯಲಿಲ್ಲ. ಕೋಪ ಮೂಗಿನ ತುದಿಯಲ್ಲಿ ಇರುವವನಿಗೆ ಅದು ಇಳಿಯುವುದಕ್ಕೂ ಹೆಚ್ಚು ಹೊತ್ತು ಬೇಡ.

ಫ್ರಾಕ್ ಹಾಕಿಸಿದೆ. ನೀಲಿ ಬಣ್ಣ ಅವಳಿಗೆ ಒಪ್ಪುತ್ತದೆ. ಆದರೆ ಎದೆಯ ಹತ್ತಿರ ಬಿಗಿ. "ಬಿಗಿ ಇಲ್ಲ ತಾತ, ಸರಿಯಾಗಿದೆ, ಸರಿಯಾಗಿದೆ" ಎಂದು ಹಟ ಮಾಡಿದಳು. ಅಷ್ಟರಲ್ಲಿ ಬೆಕ್ಕು ಬಣ್ಣದ ಡಬ್ಬಿಗೆ ಕಾಲಿಟ್ಟು ಓಡಿದ್ದನ್ನು ನೋಡಿ ನಕ್ಕಳು, ಬೆನ್ನಿನ ಗುಂಡಿ ಟಪ್ಪೆಂದು ಹಾರಿ ಮರದ ಪುಡಿಯಲ್ಲಿ ಬಿತ್ತು. ಇಬ್ಬರೂ ನೆಲದ ಮೇಲೆ ಕೂತು ಹುಡುಕಿದೆವು.

ಹುಡುಕುತ್ತಾ ಹುಡುಕುತ್ತಾ ನನಗೆ ಹೊಳೆಯಿತು. ಗೆರೆ ಹೊಡೆಯುವ ದಾರವನ್ನು ನಾವು ತಂತಿಯ ಹಾಗೆ ಎಳೆದೇ ಹಿಡಿಯುವುದು. ಸಡಿಲವಿದ್ದರೆ ಗೆರೆ ನೆಟ್ಟಗೆ ಬೀಳುವುದಿಲ್ಲ. ಕೈಗೆ ಅದೇ ಅಭ್ಯಾಸ. ಮಗುವಿಗೂ ಹಾಗೇ ಎಳೆದು ಸುತ್ತಿ ಕತ್ತರಿಸಿದ್ದೇನೆ. ಕೈಬಿಟ್ಟ ಮೇಲೆ ದಾರ ಮುದುರಿ ಗಿಡ್ಡವಾಗಿದೆ. ನೀವು ಅದನ್ನು ಮೇಜಿನ ಮೇಲೆ ಮೆತ್ತಗೆ ಚಾಚಿ ನೋಡಿದ್ದೀರಿ. ನಾನು ಬೀರುವನ್ನು ಅಳೆದೆ, ನೀವು ಮಗುವನ್ನು ಓದಿದಿರಿ. ಆ ಚಳಿಗಾಲದ ಜಗಳ ಇನ್ನೂ ಮುಗಿದಿಲ್ಲ ನೋಡಿ.

ಇದನ್ನೇ ಜಡ್ಜಮ್ಮನ ಮುಂದೆ ನಿಂತು ಹೇಳಿದೆ, ದಾರ ಎಳೆದು ತೋರಿಸಿದೆ. ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಜಡ್ಜಮ್ಮ ನಗಲಿಲ್ಲ. "ಆ ಅಜ್ಜಿ ಬಂದು ಮಗುವನ್ನ ಕಣ್ಣಾರೆ ನೋಡಲಿ. ನೀವ್ಯಾರೂ ಆಗ ಮಕ್ಕಳ ಕೋಣೇಲಿ ಇರಬೇಡಿ" ಎಂದು ಬರೆಸಿದರು. ಆದೇಶ ನಿಮ್ಮ ಮಗನಿಗೆ ಬರುತ್ತದೆ. ಬನ್ನಿ. ಟೇಪು ತನ್ನಿ. ಬಿಗಿಯಾದ ಫ್ರಾಕಿನ ಒಳಗೆ ನಾಲ್ಕು ಬೆರಳು ಬಟ್ಟೆ ಬಿಟ್ಟಿದ್ದೀರಿ, ಬಿಚ್ಚಿ ಹೊಲಿದರೆ ಸರಿಹೋಗುತ್ತದೆ.

ನಿಮ್ಮ ಬೀಗ

•

ಜುಲೈ 14

ಬೀಗರೇ,

ನಿಮ್ಮದೇ ಊರಿನ ಲಾಡ್ಜಿನ ಕೋಣೆಯಲ್ಲಿ ಕೂತು ನಿಮಗೇ ಕಾಗದ ಬರೆಯುತ್ತಿದ್ದೇನೆ. ಬಾಗಿಲಿಗೆ ಬಂದು ಹೇಳಬಹುದಿತ್ತು. ಮಧ್ಯಾಹ್ನ ಕೋರ್ಟಿನ ಮೆಟ್ಟಿಲ ಮೇಲೆ ನಿಮ್ಮನ್ನು ನೋಡಿದೆ. ನೀವೂ ಕೈ ಮುಗಿದಿರಿ, ನಾನೂ ಮುಗಿದೆ. ಕೂದಲು ಪೂರ್ತಿ ಬೆಳ್ಳಗಾಗಿದೆ ನಿಮಗೆ.

ಕೋರ್ಟಿನ ಮಕ್ಕಳ ಕೋಣೆ ಚಿಕ್ಕದು. ಗೋಡೆಯ ಮೇಲೆ ಯಾರೋ ಬರೆದ ಆನೆ, ಒಂದು ಚಾಪೆ, ಚಕ್ರವಿಲ್ಲದ ಆಟದ ಬಸ್ಸು. ಮೂಲೆಯಲ್ಲಿ ಕೋರ್ಟಿನ ಆಪ್ತಸಲಹೆಗಾರ್ತಿ ಕೂತಿದ್ದರು. ಗುಂಡಿ ಆ ನೀಲಿ ಫ್ರಾಕಿನಲ್ಲೇ ಬಂದಳು. ಬಂದವಳೇ ಮಡಿಲಲ್ಲಿ ಕೂತು ನನ್ನ ಕುತ್ತಿಗೆ ಮೂಸಿ "ಇಸ್ತ್ರಿ ವಾಸನೆ" ಎಂದಳು. ನನ್ನ ಕತೆ ಅಲ್ಲೇ ಮುಗಿಯಿತು. ಆಮೇಲೆ ಅವಳ ಮೊಂಡು ಕತ್ತರಿ ಕೊಟ್ಟೆ. ಇಬ್ಬರೂ ಕಾಗದದ ಗೊಂಬೆ ಕತ್ತರಿಸಿದೆವು.

ಕೊನೆಗೆ ಫ್ರಾಕ್ ಬಿಚ್ಚಿ ಹೊಲಿಯಲೆಂದು ಟೇಪು ತೆಗೆದೆ. ಟೇಪು ಕಂಡದ್ದೇ ತಡ, ಎದ್ದು ನಿಂತು ಹೊಟ್ಟೆ ಒಳಗೆಳೆದುಕೊಂಡಳು. ಮೊಣಕಾಲು ಒಂಚೂರು ಮಡಚಿದಳು. ಉಸಿರು ಬಿಗಿ ಹಿಡಿದಳು. ನಲವತ್ತು ವರ್ಷದಿಂದ ಜನರ ಮೈ ಅಳೆದಿದ್ದೇನೆ. ತೆಳ್ಳಗೆ ಕಾಣಲು ಹೊಟ್ಟೆ ಎಳೆಯುವ ಹೆಂಗಸರು ಗೊತ್ತು. ಏಳು ವರ್ಷದ ಮಗು ಹಾಗೆ ಮಾಡಿದ್ದನ್ನು ನೋಡಿರಲಿಲ್ಲ.

"ಉಸಿರು ಬಿಡೇ" ಎಂದೆ. ಬಿಡಲಿಲ್ಲ, ತಲೆ ಅಲ್ಲಾಡಿಸಿದಳು. ಕಚಗುಳಿ ಇಟ್ಟೆ. ಆಗ ಬಿಟ್ಟಳು, ಬಿಟ್ಟವಳು ಅಳತೊಡಗಿದಳು. ಆಪ್ತಸಲಹೆಗಾರ್ತಿಗೆ ಕೇಳಿಸದ ಹಾಗೆ ನನ್ನ ಕಿವಿಯಲ್ಲಿ ಹೇಳಿದಳು:

"ದೊಡ್ಡೋಳಾದ್ರೆ ಜಡ್ಜು ಕೇಳ್ತಾರಂತೆ ಅಜ್ಜಿ, ಅಮ್ಮ ಬೇಕಾ ಅಪ್ಪ ಬೇಕಾ ಅಂತ. ಒಬ್ರನ್ನೇ ಹೇಳ್ಬೇಕಂತೆ. ಅದಕ್ಕೇ ನಾನು ದೊಡ್ಡೋಳಾಗಲ್ಲ."

"ಯಾರಮ್ಮ ಹಾಗಂದೋರು?"

"ವಕೀಲರ ಅಂಕಲ್ ಅಮ್ಮಂಗೆ ಹೇಳಿದ್ರು, ಇನ್ನೊಂಚೂರು ದೊಡ್ಡೋಳಾಗ್ಲಿ ಆಮೇಲೆ ಕೇಸು ನಮ್ದೇ ಅಂತ. ಅಪ್ಪನೂ ಫೋನಲ್ಲಿ ಹೇಳಿದ್ರು, ದೊಡ್ಡೋಳಾದ್ಮೇಲೆ ನೀನೇ ಜಡ್ಜಿಗೆ ಹೇಳುವಿಯಂತೆ ಅಂತ. ತಾತ ಕೆಂಪು ದಾರ ತಂದಾಗಲೂ ಹಿಂಗೇ ಮಾಡಿದ್ದೆ. ತಾತಂಗೆ ಗೊತ್ತೇ ಆಗ್ಲಿಲ್ಲ."

ಅದಕ್ಕೇ ಅರ್ಧ ತಟ್ಟೆ. ಅದಕ್ಕೇ ಬೆಕ್ಕಿಗೆ ಹಾಲು. ಅದಕ್ಕೇ ಆ ಪುಟ್ಟ ಮಣೆ. ಚೆನ್ನಾಗಿ ಬೆಳೆಯುತ್ತಿದ್ದಾಳೆ ಎಂದು ಡಾಕ್ಟರು ಹೇಳಿದಾಗ ಅತ್ತದ್ದು ಸೂಜಿಯ ಭಯಕ್ಕಲ್ಲ ಬೀಗರೇ. ನಾವಿಬ್ಬರೂ ಹಳೆಯ ಚಳಿಗಾಲದ ನೆನಪಲ್ಲಿ ಮುಳುಗಿ, ಅವಳೂ ಅದನ್ನೇ ನೆನೆಯುತ್ತಾಳೆ ಎಂದುಕೊಂಡೆವು. ಎಂಥ ಮುದುಕರು ನಾವು! ನಿಮ್ಮ ದಾರ ಬಿಗಿಯಾಗಿದ್ದದ್ದು ನಿಜ. ಆದರೆ ಅದರೊಳಗೆ ಮಗುವೂ ಉಸಿರು ಬಿಗಿಹಿಡಿದೇ ನಿಂತಿತ್ತು.

ಇದನ್ನು ನನ್ನ ಮಗನ ವಕೀಲರಿಗೆ ಹೇಳಿದರೆ, ತಾಯಿಯ ಮನೆಯಲ್ಲಿ ಮಗುವಿನ ಗತಿ ನೋಡಿ ಎಂದು ಕೇಸು ಗೆಲ್ಲುತ್ತಾರೆ. ನಿಮ್ಮ ವಕೀಲರಿಗೆ ಹೇಳಿದರೆ, ತಂದೆ ಫೋನಿನಲ್ಲಿ ಹೆದರಿಸಿದ ಎಂದು ಅವರು ಗೆಲ್ಲುತ್ತಾರೆ. ಅದಕ್ಕೇ ನಿಮಗೊಬ್ಬರಿಗೇ ಬರೆಯುತ್ತಿದ್ದೇನೆ. ನಾಡಿದ್ದು ಮಗ ಬರುತ್ತಾನೆ. ಅವನಿಗೆ ನಾನು ಹೇಳುತ್ತೇನೆ, ವಕೀಲರಿಲ್ಲದೆ. ನಿಮ್ಮ ಮಗಳಿಗೆ ನೀವು ಹೇಳಿ.

ನಿಮ್ಮ ಬೀಗತಿ

•

ಸೆಪ್ಟೆಂಬರ್ 9

ಬೀಗತಿಯವರಿಗೆ ನಮಸ್ಕಾರಗಳು.

ಈ ಹೊತ್ತಿಗೆ ಮಗಳೂ ಗುಂಡಿಯೂ ಅಲ್ಲಿ ತಲುಪಿ, ನಿಮ್ಮ ಬೀದಿಯ ತುದಿಯ ಮನೆಯಲ್ಲಿ ಪೆಟ್ಟಿಗೆ ಬಿಚ್ಚುತ್ತಿರುತ್ತಾರೆ. ತಾಯಿಗೆ ಬೇರೆ ಮನೆ, ಬಂಧನದ ಮಾತು ಎತ್ತುವುದಿಲ್ಲವೆಂದು ಅಲ್ಲಿಯ ಕೋರ್ಟಿನ ಮೊಹರು, ಮಗು ಇಬ್ಬರ ಮನೆಯಲ್ಲೂ. ಇದನ್ನೆಲ್ಲ ನಿಮ್ಮ ಮಗ, ನನ್ನ ಮಗಳು ಎದುರುಬದುರು ಕೂತು ಒಪ್ಪಿಕೊಂಡರು ಎಂದರೆ ನನಗಿನ್ನೂ ನಂಬಿಕೆ ಬರುವುದಿಲ್ಲ. ನಿಮ್ಮ ಕಾಗದವನ್ನು ಮಗಳ ಕೈಗೆ ಕೊಟ್ಟಾಗ ಅವಳು ಓದಿ, ಕಾರ್ಖಾನೆಗೆ ಹೋಗಿ ಆ ಪುಟ್ಟ ಮಣೆಯ ಮೇಲೆ ಬಹಳ ಹೊತ್ತು ಕೂತಿದ್ದಳು. ಆಮೇಲೆ "ಅಪ್ಪ, ನಾನು ಹೋಗ್ಲಾ?" ಎಂದಳು. ಹೋಗು ಎಂದೆ. ಅದಕ್ಕಿಂತ ಕಷ್ಟದ ಮಾತನ್ನು ನಾನು ಆಡಿಲ್ಲ.

ಒಂದು ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ. ಕೊನೆಯ ದಿನ ಜಡ್ಜಮ್ಮ ಗುಂಡಿಯನ್ನು ಒಳಕೋಣೆಗೆ ಕರೆಸಿಕೊಂಡರು. "ನಾನು ನಿನ್ನ ಏನೂ ಕೇಳಲ್ಲ. ಯಾವತ್ತೂ ಕೇಳಲ್ಲ. ನಿಂಗೇನಾದ್ರೂ ಕೇಳೋದಿದ್ರೆ ನನ್ನ ಕೇಳು" ಎಂದರಂತೆ. ಇವಳು ಯೋಚಿಸಿ "ಹಾಗಾದ್ರೆ ನಾನು ಬೆಳೀಬಹುದಾ?" ಎಂದು ಕೇಳಿದಳಂತೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು "ಧಾರಾಳವಾಗಿ" ಎಂದರಂತೆ. ಆ ಸಂಜೆ ಎರಡು ಮೊಟ್ಟೆ ತಿಂದಳು, ಹಳದಿಯ ಸಮೇತ. ಬೆಕ್ಕು ಖಾಲಿ ಲೋಟ ಮೂಸಿ ಮುನಿಸಿಕೊಂಡು ಹೋಯಿತು.

ಕಾರ್ಖಾನೆ ಈಗ ಬಿಕೋ ಎನ್ನುತ್ತದೆ. ಶಾಲೆ ಬಿಡುವ ಹೊತ್ತಿಗೆ ಕೈ ತಾನಾಗಿ ಗರಗಸ ನಿಲ್ಲಿಸುತ್ತದೆ, ಕಣ್ಣು ಬಾಗಿಲ ಕಡೆ ಹೋಗುತ್ತದೆ. ಮಣೆ ಅಲ್ಲೇ ಇದೆ. ಮೇಲೆ ಮೊಳೆಯ ಡಬ್ಬಿ ಇಡಲು ನನಗೆ ಮನಸ್ಸು ಬರುವುದಿಲ್ಲ.

ಹಡಗಿನ ಪಾರ್ಸಲಿನಲ್ಲಿ ಅವಳಿಗೊಂದು ಕುರ್ಚಿ ಕಳಿಸಿದ್ದೇನೆ, ನಿಮ್ಮ ಅಂಗಡಿಯಲ್ಲಿಡಿ. ಬಂದಾಗ ನೋಡಿ ನಗಬೇಡಿ. ಜೀವನದಲ್ಲಿ ಮೊದಲ ಸಲ ಅಳತೆಗಿಂತ ದೊಡ್ಡದಾಗಿ ಮಾಡಿದ್ದೇನೆ. ಕಾಲಿಡುವ ಹಲಗೆಯನ್ನು ಅಂಟಿಸಿಲ್ಲ, ಕುರ್ಚಿಯ ಕಾಲುಗಳ ಒಳಮೈಯಲ್ಲಿ ಒಂದರ ಕೆಳಗೊಂದು ಸೀಳು ಕೊರೆದು ಅದರಲ್ಲಿ ಸಿಕ್ಕಿಸಿದ್ದೇನೆ. ಈಗ ಎಲ್ಲಕ್ಕಿಂತ ಮೇಲಿನದರಲ್ಲಿದೆ. ಅವಳ ಕಾಲು ಉದ್ದವಾದಂತೆ ಒಂದೊಂದೇ ಸೀಳು ಕೆಳಗಿಳಿಸಿ. ನೀವು ಬಟ್ಟೆಯ ಒಳಗೆ ಬಿಡುವುದನ್ನು ನಾನು ಮರದಲ್ಲಿ ಬಿಡಲು ಕಲಿತೆ.

ಹಲಗೆ ಇಳಿಸಿದಾಗಲೆಲ್ಲ ನನಗೊಂದು ಕಾಗದ ಹಾಕಿ. ಎಷ್ಟು ಬೆಳೆದಳು ಎಂದು ಅಳತೆ ಬರೆಯಬೇಡಿ. ಇಳಿಸಿದೆವು ಎಂದಷ್ಟೇ ಬರೆಯಿರಿ.

ನಿಮ್ಮ ಬೀಗ